ನಾನು ಬರೆಯದೇ ಬಿಟ್ಟ ‘ಜೇನು’

ದಸರಾ ಆನೆಗಳು ಮೈಸೂರಿಗೆ ಬಂದ ಮೇಲೆ ಒಂದು ದಿನ ಬೆಳಿಗ್ಗೆ ಅರಮನೆ ಕಡೆ ಹೋಗಿ ಬರುವುದು ನನ್ನ ಅಭ್ಯಾಸ. ರಿಟೈರಾದ ಮೇಷ್ಟ್ರಿಗೆ ಇನ್ನೇನು ಕೆಲಸ? ಹೋದ ವರ್ಷ ನಾನು ಹೋಗುವ ಹೊತ್ತಿಗೆ ಆನೆಗಳು ಬನ್ನಿಮಂಟಪದ ತನಕ ನಡೆದು ತಾಲೀಮು ಮುಗಿಸಿ ಬಂದಿದ್ದವು. ಒಬ್ಬ ಕಾವಾಡಿ, ಅಂದರೆ ಮಾವುತನ ಸಹಾಯಕ, ಕುಕ್ಕರುಗಾಲಲ್ಲಿ ಕೂತು ಆನೆಗೆ ತಿನ್ನಿಸುವ ಕುಸುರೆ ಕಟ್ಟುತ್ತಿದ್ದ. ಒಣಹುಲ್ಲನ್ನು ಗೂಡಿನ ಹಾಗೆ ಮಡಿಸಿ, ಒಳಗೆ ಭತ್ತ, ಬೆಲ್ಲ, ಕಾಯಿ ಚೂರು, ಹಿಂಡಿ ಹಾಕಿ, ಎರಡೇ ಸುತ್ತಿಗೆ ಗಂಟು. ಕೈ ನೋಡಿಕೊಳ್ಳುವುದೇ ಇಲ್ಲ. ಆನೆ ಹಿಂದಿನಿಂದ ಸೊಂಡಿಲು ಚಾಚಿತು. ತಿರುಗಿಯೂ ನೋಡದೆ ‘ಧತ್’ ಅಂದ. ಸೊಂಡಿಲು ವಾಪಸ್ ಹೋಯಿತು.

ತಲೆ ಎತ್ತಿ ನನ್ನ ಮುಖ ನೋಡಿದವನು, “ಮೇಷ್ಟ್ರಲ್ವಾ ಸಾ?” ಅಂದ.

ಗುರುತು ಸಿಗಲಿಲ್ಲ. ಆಮೇಲೆ ನಕ್ಕ. ಆ ನಗುವಿನಲ್ಲಿ ಸಿಕ್ಕಿದ.

ನಾನು ಪಾಂಡವಪುರದ ಕಡೆಯವನು. 1992ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಜೇನುಕುರುಬ ಬುಡಕಟ್ಟಿನವರ ಹಾಡಿಯ ಶಾಲೆಗೆ ನನ್ನನ್ನು ಹಾಕಿದರು. ಮೊದಲ ಪೋಸ್ಟಿಂಗು. ಕಾಡಂಚು, ಬಿದಿರು ತಡಿಕೆಯ ಮನೆಗಳು, ರಾತ್ರಿ ಆನೆ ಭಯ. ಜೂನಲ್ಲಿ ಶಾಲೆ ತೆರೆದರೆ ಅರ್ಧ ಮಕ್ಕಳು ಕಾಣುತ್ತಿರಲಿಲ್ಲ. ಜೇನಿನ ಕಾಲ, ಅಪ್ಪಂದಿರ ಜೊತೆ ಕಾಡಿಗೆ ಹೋಗಿರುತ್ತಿದ್ದರು. ಹಾಜರಿ ಪುಸ್ತಕದಲ್ಲಿ ನಾನು ಸಾಲಾಗಿ ಗೈರು ಹಾಕುತ್ತಿದ್ದೆ.

ಒಂದು ದಿನ ಜೇನುಹುಳುವಿನ ಪಾಠ. ಜೇನು ಎಲ್ಲಿ ಗೂಡು ಕಟ್ಟುತ್ತೆ ಅಂತ ಕೇಳಿದೆ. ಈ ಹುಡುಗ ಎದ್ದು ನಿಂತು, “ಯಾವ ಜೇನು ಸಾ?” ಅಂದ. ತಲೆಹರಟೆ ಅಂದುಕೊಂಡು ಗದರಿಸಿದೆ. ಅವನು ಬೆರಳು ಮಡಿಸುತ್ತಾ ಹೇಳುತ್ತಲೇ ಹೋದ. ಹೆಜ್ಜೇನು ಎತ್ತರದ ಮರದ ಕೊಂಬೆಯಲ್ಲಿ, ಅದನ್ನು ರಾತ್ರಿ ಹೊಗೆ ಹಾಕಿ ಇಳಿಸಬೇಕು. ತುಡುವೆ ಮರದ ಪೊಟರೆಯಲ್ಲಿ, ಒಳಗೆ ನಾಲ್ಕೈದು ಹಲ್ಲೆ, ಅಂದರೆ ಮೇಣದ ತಟ್ಟೆ. ಕೋಲುಜೇನು ಪೊದೆಯ ಕಡ್ಡಿಗೆ ಒಂದೇ ಹಲ್ಲೆ. ನಸರೆ ಕಚ್ಚಲ್ಲ, ತುಪ್ಪ ಹುಳಿ, ಔಷಧಿಗೆ ಆಗುತ್ತೆ. ಪುಸ್ತಕದಲ್ಲಿ ಇದ್ದಿದ್ದು ಒಂದೇ ಜೇನು, ಹೂವಿನ ಮೇಲೆ ಕೂತ ಚಿತ್ರ. ನಾನು ಪುಸ್ತಕದ್ದನ್ನೇ ಬೋರ್ಡ್ ಮೇಲೆ ಬರೆದೆ.

ಅವರ ಹಿರಿಯರಿಗೆ ಹೊಳೆ ಆಚೆ ಕಾಕನಕೋಟೆ ಕಾಡೇ ಮನೆಯಾಗಿತ್ತು. ಖೆಡ್ಡಾ ಮಾಡಿ ಕಾಡಾನೆ ಹಿಡಿಯುತ್ತಿದ್ದ ಜಾಗ. ಕೊನೆಯ ಖೆಡ್ಡಾ 1971ರಲ್ಲಿ. ಮಹಾರಾಜರು ಕೂತು ನೋಡಿದ ಫೋಟೋಗಳು ಸಿಗುತ್ತವೆ, ಆನೆ ಹಿಂದೆ ತಮಟೆ ಬಡಿದು ಓಡಿದವರ ಹೆಸರು ಸಿಗಲ್ಲ. ಇವನ ತಾತ ಹಾಗೆ ಓಡಿದವರಲ್ಲಿ ಒಬ್ಬ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು, ಆ ಕಾಡಿನ ಬಹಳಷ್ಟು ಭಾಗ ನೀರಿನಡಿ ಹೋಯಿತು. ಉಳಿದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆ. ನಮ್ಮಜ್ಜಿ ಕೆ.ಆರ್.ಎಸ್.ನಲ್ಲಿ ಮುಳುಗಿದ ಹಳೇ ಕನ್ನಂಬಾಡಿ ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಆ ಊರಿನವರಿಗೆ ತೋರಿಸಲು ಪಹಣಿಯಾದರೂ ಇತ್ತು. ಕಾಡಲ್ಲಿದ್ದವರು ಏನು ತೋರಿಸಬೇಕು?

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಹೊತ್ತು ತಪ್ಪಿಸಿಕೊಂಡು ಬರೆದಿದ್ದಾಯಿತು.

ದಾಖಲಾತಿ ರಿಜಿಸ್ಟರಿನಲ್ಲಿ ಜಾತಿ ಕಾಲಂ ಸಣ್ಣದು. ಒಂದು ಮಧ್ಯಾಹ್ನ ಗಡಿಬಿಡಿಯಲ್ಲಿ ಏಳೆಂಟು ಮಕ್ಕಳ ಹೆಸರು ತುಂಬಿಸಿದೆ. ಒಬ್ಬನಿಗೆ ‘ಕುರುಬ’ ಅಂತ ಬರೆದು, ಕೆಳಗಿನವರಿಗೆಲ್ಲ ‘ಸದರಿ’ ಚಿಹ್ನೆ ಎಳೆದೆ. ‘ಜೇನು’ ಬಿಟ್ಟುಹೋಯಿತು. ಎರಡು ಅಕ್ಷರ. ಕುರುಬರು ಬೇರೆ, ಜೇನುಕುರುಬರು ಬೇರೆ ಅಂತ ನನಗೆ ಗೊತ್ತಿತ್ತು. ಸುಮ್ನೆ ಉದಾಸೀನ. ಕುರುಬರು ಹಿಂದುಳಿದ ವರ್ಗ, ಜೇನುಕುರುಬರು ಪರಿಶಿಷ್ಟ ಪಂಗಡ. ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲ ಅಂತ ಗುರುತಿಸಿದ ಕರ್ನಾಟಕದ ಎರಡೇ ಬುಡಕಟ್ಟುಗಳಲ್ಲಿ ಇವರದೊಂದು, ಇನ್ನೊಂದು ಕೊರಗರದು.

ಕುಸುರೆ ಕಟ್ಟುತ್ತಲೇ ಅವನು ಹೇಳಿದ. ಏಳನೇ ಕ್ಲಾಸಿನ ಮೇಲೆ ಹಾಸ್ಟೆಲ್ ಸೀಟಿಗೆ ಜಾತಿ ಸರ್ಟಿಫಿಕೇಟ್ ಕೇಳಿದರಂತೆ. ಟಿ.ಸಿ. ನೋಡಿ ಒಂದು ಕಚೇರಿಯಲ್ಲಿ ಆಗಲ್ಲ ಅಂದರು. ಅವರಪ್ಪ ಮೂರು ಸಲ ಬಸ್ಸಿನ ದುಡ್ಡು ಹೊಂಚಿ ಹೋದರು. ನಾಲ್ಕನೇ ಸಲ ಹೋಗಲಿಲ್ಲ. ಹುಡುಗ ಮಾವನ ಹಿಂದೆ ಆನೆ ಕ್ಯಾಂಪಿಗೆ ಸೇರಿಕೊಂಡ. ಮುಂದೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅದೇ ಕಾಗದ ಮತ್ತೆ ಅಡ್ಡ ಬಂತು. ಬುಡಕಟ್ಟಿನವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಲ್ಲಿದ್ದರೆ ಹಕ್ಕಿಗೆ ಸಾಕು. ಬೇರೆಯವರು 75 ವರ್ಷದ ವಾಸ ತೋರಿಸಬೇಕು. ಜೇನುಕುರುಬ ಅಂತ ಸಾಬೀತು ಮಾಡಿಕೊಳ್ಳುವುದಕ್ಕೇ ಅವನಿಗೆ ವರ್ಷಗಳು ಹಿಡಿದವು.

“ಯಾರು ಬರೆದ್ರೋ ಏನೋ ಸಾ ಹಂಗೆ,” ಅಂದ.

“ನಾನೇ ಕಣಯ್ಯಾ,” ಅಂದೆ. ಆ ರಿಜಿಸ್ಟರಿನ ಪುಟ ಕಣ್ಣ ಮುಂದೆ ಬಂತು, ನನ್ನದೇ ಓರೆ ಅಕ್ಷರ.

ಅವನ ಕೈ ನಿಂತಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುಸುರೆ ಬದಿಗಿಟ್ಟು ಎದ್ದು ಶೆಡ್ ಕಡೆ ಹೋದ. ಮುಗೀತು, ಇನ್ನು ಮಾತಾಡಿಸಲ್ಲ ಅಂದುಕೊಂಡೆ. ಆನೆಯೂ ನಾನೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು. ಐದು ನಿಮಿಷ ಬಿಟ್ಟು ಮಗಳನ್ನು ಕರೆದುಕೊಂಡು ಬಂದ. ಮಾವುತರು, ಕಾವಾಡಿಗಳ ಮಕ್ಕಳಿಗೆ ಅಂತ ಅರಮನೆ ಆವರಣದಲ್ಲೇ ಟೆಂಟ್ ಶಾಲೆ ನಡೆಸುತ್ತಾರೆ, ಅವಳು ಅಲ್ಲಿ ಕೂರುತ್ತಾಳಂತೆ. ಅವನ ಕೈಯಲ್ಲಿ ಪ್ಲಾಸ್ಟಿಕ್ ಕವರು. ಒಳಗೆ ಅವಳ ಊರಿನ ಶಾಲೆಯ ಕಾಗದದ ಜೆರಾಕ್ಸ್.

“ಸರಿಯಾಗಿ ಬರ್ದವ್ರಾ ನೋಡಿ ಸಾ. ನಂಗೆ ಕನ್ನಡಕ ಇಲ್ಲ.”

ಕನ್ನಡಕ ಹಾಕಿಕೊಂಡು ಜೋರಾಗಿ ಓದಿದೆ. ಜೇನುಕುರುಬ ಅಂತಲೇ ಇತ್ತು. “ಇನ್ನೊಂದ್ಸಲ ಓದಿ,” ಅಂದ. ಓದಿದೆ. ಕಾಗದ ಮಡಿಸಿ ಕವರಿಗೆ ಹಾಕಿ, ಕವರನ್ನು ಮಗಳ ಕೈಗೆ ಕೊಟ್ಟು, ಕುಸುರೆ ಕಟ್ಟಲು ಕೂತ.