ಕೆಳಗಿನ ಮನೆ ಹುಡುಗಿ ಏನು ಓದ್ತಾಳಂತೆ?

ಮಡಗಾಂವ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಈ ವಾರ ಒಂದೇ ಸುದ್ದಿ. ಕೆಳಗಿನ ಮನೆ ಹುಡುಗಿ ಹೆಣದ ಕೆಲಸ ಕಲಿಯೋಕೆ ಅಮೆರಿಕಕ್ಕೆ ಹೋಗ್ತಾಳಂತೆ! ಮಾರ್ಚುರಿ ಸೈನ್ಸ್. ಅಲ್ಲಿ ಇದಕ್ಕೆ ಸಾಮಾನ್ಯವಾಗಿ 2 ವರ್ಷದ ಕೋರ್ಸು. ಆಮೇಲೆ ಪರೀಕ್ಷೆ, ಪಳಗಿದವರ ಕೈಕೆಳಗೆ ತರಬೇತಿ, ಲೈಸೆನ್ಸು. ಅಂಗರಚನೆ, ಕೆಮಿಸ್ಟ್ರಿ ಜೊತೆಗೆ ಅಕೌಂಟ್ಸು, ಕಾನೂನು, ದುಃಖದಲ್ಲಿರುವವರ ಹತ್ತಿರ ಹೇಗೆ ಮಾತಾಡಬೇಕು ಅನ್ನೋದೂ ಪಾಠವೇ.

ಗೋವಾದವರಿಗೆ ಇದು ನಮಗನ್ನಿಸುವಷ್ಟು ವಿಚಿತ್ರ ಅಲ್ಲ. ಮಕ್ಕಳು ಲಂಡನ್ನು, ಲಿಸ್ಬನ್ನು, ಕುವೈತ್ ಅಂತ ಹೋಗಿರುತ್ತಾರೆ. ಅವರು ಬರುವ ತನಕ ಅಪ್ಪನನ್ನೋ ಅಮ್ಮನನ್ನೋ ಶವಾಗಾರದಲ್ಲಿ ಇಡಬೇಕು. ಬೇರೆ ದೇಶಕ್ಕೆ ವಿಮಾನದಲ್ಲಿ ಕಳಿಸುವುದಾದರೆ ಎಂಬಾಮಿಂಗ್, ಅಂದರೆ ಹೆಣ ಕೆಡದ ಹಾಗೆ ಮದ್ದು ತುಂಬಿದ್ದಕ್ಕೆ, ಸರ್ಟಿಫಿಕೇಟ್ ಕೇಳುತ್ತಾರೆ.

ಊರಿಂದ ಬಂದಿರುವ ಅವ್ವನಿಗೆ ಮಾತ್ರ ತಡೆಯಲಾಗಲಿಲ್ಲ. ಹುಡುಗಿ ಕೇಕ್ ಕೊಡೋಕೆ ಬಂದಾಗ ಕೇಳಿಯೇ ಬಿಟ್ಟಳು. "ಅಲ್ಲಿ ಏನ್ ಕಲಿಸ್ತಾರವಾ?"

ಹುಡುಗಿ ಹಿಂದಿಯಲ್ಲಿ ಹೇಳುತ್ತಾ ಹೋದಳು, ನಾನು ಅವ್ವನಿಗೆ ದಾಟಿಸುತ್ತಾ ಹೋದೆ. ಕುತ್ತಿಗೆಯ ರಕ್ತನಾಳಕ್ಕೆ ಫಾರ್ಮಾಲಿನ್ ಬೆರೆಸಿದ ನೀರು ಹರಿಸುತ್ತಾರೆ, ರಕ್ತ ಇನ್ನೊಂದು ನಾಳದಿಂದ ಹೊರಗೆ ಬರುತ್ತದೆ. ಅದಕ್ಕೂ ಮೊದಲು ಸೆಟೆದ ಕೈಕಾಲು ತಿಕ್ಕಿ, ಒಂದೊಂದೇ ಕೀಲು ಮಡಚಿ ಸಡಿಲ ಮಾಡಬೇಕು.

"ಅಯ್ಯ, ಇದನ್ನ ನಮ್ಮೂರಾಗ ಕುಣಿ ತೋಡೋ ಮುದುಕ ಮಾಡ್ತಿದ್ದನಲ್ಲ!" ಅಂದಳು ಅವ್ವ.

ಹೌದು, ಮಾಡ್ತಿದ್ದ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನ ಕೂರಿಸಿಯೇ ಮಣ್ಣು ಮಾಡುವುದು. ಜೀವ ಹೋದ ಕೆಲವು ಗಂಟೆಗೇ ದೇಹ ಸೆಟೆಯೋಕೆ ಶುರುವಾಗುತ್ತದೆ, 12 ಗಂಟೆ ಹೊತ್ತಿಗೆ ಕಟ್ಟಿಗೆ. ಅಜ್ಜ ರಾತ್ರಿ ನಿದ್ದೆಯಲ್ಲೇ ಹೋಗಿದ್ದ. ಬೆಳಿಗ್ಗೆ ನೋಡಿದರೆ ಕಾಲು ಮಡಚೋಕೆ ಯಾರಿಂದಲೂ ಆಗಲಿಲ್ಲ. ಕೊನೆಗೆ ಆ ಮುದುಕನನ್ನ ಕರೆಸಿದರು. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನ ಅಜ್ಜನ ಮೊಣಕಾಲಿಗೆ ಸುತ್ತಿ, ಅಂಗೈಯಿಂದ ತಿಕ್ಕುತ್ತಾ ಕೂತ. "ಬರ್ತದರಿ ಗೌಡ್ರ, ಬರ್ತದ, ಸ್ವಲ್ಪ ತಡೀರಿ" ಅಂತ ಅಜ್ಜನಿಗೇ ಹೇಳುತ್ತಿದ್ದ. ಎಲುಬು ಲಟ್ ಅನ್ನಲಿಲ್ಲ. ಅಜ್ಜ ಪದ್ಮಾಸನ ಹಾಕಿ ಕೂತ.

ಆಮೇಲೆ ಮುದುಕನಿಗೆ ಚಹಾ ಕೊಟ್ಟಿದ್ದು ಅಂಗಳದಲ್ಲಿ. ಕೊಟ್ಟಿಗೆಯ ಗೂಡಿನಲ್ಲಿ ಅವನಿಗೆ ಅಂತಲೇ ಇಟ್ಟಿದ್ದ ಲೋಟದಲ್ಲಿ. ಅಜ್ಜನನ್ನ ಮುಟ್ಟಬಹುದು, ಲೋಟ ಮುಟ್ಟೋ ಹಾಗಿಲ್ಲ. ದಿನಾ ಬಸವಣ್ಣನ ಹೆಸರು ಹೇಳೋ ಮನೆ ನಮ್ಮದು, ನೋಡಿ.

ಮುದುಕನ ಮಗ ಹುಬ್ಬಳ್ಳಿಯಲ್ಲಿ ಆಟೋ ಓಡಿಸುತ್ತಾನೆ. ಅಪ್ಪನ ಕೆಲಸ ಬೇಡವೇ ಬೇಡ ಅಂದನಂತೆ. ಬೇಡ ಅಂದದ್ದೇ ಸರಿ. ಆ ಲೋಟಕ್ಕಾಗಿ ಯಾರು ಕಲೀತಾರೆ? ಅದೇ ಕೈಚಳಕಕ್ಕೆ ಅಲ್ಲಿ ಲೈಸೆನ್ಸು ಕೊಟ್ಟು ಗೋಡೆಗೆ ತೂಗುಹಾಕಿಸುತ್ತಾರೆ.

ಅವ್ವ ಕೇಕ್ ಮುರಿಯುತ್ತಾ ಸುಮ್ಮನೆ ಕೂತಿದ್ದಳು. ಆಮೇಲೆ ಕೇಳಿದಳು. "ಈ ಕೆಲಸ ಮಾಡಿದ್ರ ಅಲ್ಲಿ ನಿನ್ನ ಮನಿ ಒಳಗ ಕರಕೋತಾರೇನವಾ?"

ನಾನು ಹಿಂದಿಯಲ್ಲಿ ಕೇಳಿದೆ. ಹುಡುಗಿಗೆ ಪ್ರಶ್ನೆ ತಲೆಗೇ ಹೋಗಲಿಲ್ಲ.

"ಮನೆ ಹುಡುಕೋದೇನೂ ಬೇಡ ಆಜಿ," ಅಂದಳು, "ಹಾಸ್ಟೆಲ್ ಇದೆ."