ಐದನೇ ಪಟ್ಟಿಯಲ್ಲಿ ಕೆರೆ, ಒಂದನೇ ಪಟ್ಟಿಯಲ್ಲಿ ಆಡು

2023ರ ನವೆಂಬರ್. ನಾಗಮಂಗಲ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ಗ್ರಾಮಸಭೆ. ಮುಂದಿನ ವರ್ಷದ ಯೋಜನೆಯನ್ನು ಜನರ ಮುಂದೆ ಓದಿ ಹೇಳುವ ಕೆಲಸ ನನ್ನದು. ಊರಿನ ಹೆಸರು ಬರೆಯಲ್ಲ. ಎಡವಿದ್ದು ನಾನು, ಊರನ್ನ ಯಾಕೆ ಎಳೆಯೋದು.

ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ರೆ ತಪ್ಪು ಎಲ್ಲಿ ಹುಟ್ಟಿತು ಅಂತ ಗೊತ್ತಾಗಲ್ಲ. ನಾನು ಬೆಳೆದದ್ದು ಮೈಸೂರಿನ ಸರಸ್ವತಿಪುರಂನಲ್ಲಿ. ಕೆರೆ ಅಂದ್ರೆ ನನಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಬೇಸಾಯದ ನೀರಿಗೆ ಅಂತ ಕಟ್ಟಿಸಿದ ಕೆರೆ ಅದು. ನಮ್ಮ ಕಾಲಕ್ಕೆ ವಾಕಿಂಗ್ ಕೆರೆ ಆಗಿತ್ತು. ಬೇಲಿ, ಗೇಟು, ಮರದ ನೆರಳಿನ ದಾರಿ, ಕೂರೋಕೆ ಬೆಂಚು, ನೀರಲ್ಲಿ ಹೆಜ್ಜಾರ್ಲೆ ಹಕ್ಕಿ. ಅಪ್ಪನ ಜೊತೆ ಒಂದು ಸುತ್ತು ಹಾಕಿ, ಹೊರಗೆ ಬಂದು ಕಾಫಿ ಕುಡಿದು ಮನೆಗೆ ಹೋಗ್ತಿದ್ದೆವು. ಚೆನ್ನಾಗಿರೋ ಕೆರೆ ಅಂದ್ರೆ ಹೀಗೇ ಇರುತ್ತೆ ಅನ್ನೋದು ತಲೆಯಲ್ಲಿ ಕೂತುಬಿಟ್ಟಿತ್ತು.

ಓದು ಮುಗಿಸಿದ ಮೇಲೆ ಪಂಚಾಯಿತಿಗಳಿಗೆ ಯೋಜನೆ ಬರೆಯಲು ನೆರವಾಗುವ ಸಂಪನ್ಮೂಲ ವ್ಯಕ್ತಿಯಾದೆ. ಹೆಸರು ದೊಡ್ಡದು, ಸಂಬಳ ಚಿಕ್ಕದು. ತರಬೇತಿ ಆದದ್ದು ಮೈಸೂರಿನಲ್ಲೇ, ಅಬ್ದುಲ್ ನಜೀರ್‌ಸಾಬ್ ಸಂಸ್ಥೆಯಲ್ಲಿ. ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡ ಮಂತ್ರಿಯ ಹೆಸರಿನ ಸಂಸ್ಥೆ ಅದು. ಈಗ ಪಂಚಾಯಿತಿ ಯೋಜನೆ ಅಂದ್ರೆ ಒಂಬತ್ತು ವಿಷಯ, ಒಂದೊಂದಕ್ಕೆ ಒಂದು ಪಟ್ಟಿ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಹಳ್ಳಿಗೆ ಹೊಂದುವ ಹಾಗೆ ಒಂಬತ್ತಕ್ಕೆ ಇಳಿಸಿದ್ದಾರೆ. 1ನೇದು ಬಡತನ ಮುಕ್ತ ಗ್ರಾಮ. 4ನೇದು ಸಾಕಷ್ಟು ನೀರಿರುವ ಗ್ರಾಮ. 5ನೇದು ಸ್ವಚ್ಛ, ಹಸಿರು ಗ್ರಾಮ. ಉಳಿದವು ಆರೋಗ್ಯ, ಮಕ್ಕಳು, ಮಹಿಳೆಯರು, ಹೀಗೆ. ಪಟ್ಟಿ ಕೆಟ್ಟದ್ದಲ್ಲ. ನಾನು ಅದನ್ನು ತುಂಬಿದ ರೀತಿ ಕೆಟ್ಟದ್ದು.

ಆ ಊರಿನ ಕೆರೆಯನ್ನು ನಾನು 5ನೇ ಪಟ್ಟಿಗೆ ಹಾಕಿದೆ. ಸೀಮೆ ಜಾಲಿ ಪೂರ್ತಿ ತೆಗೆಸುವುದು, ಸುತ್ತ ತಂತಿ ಬೇಲಿ, ಏರಿ ಮೇಲೆ ನಡೆದಾಡುವ ದಾರಿ, ಆರು ಬೆಂಚು, ಸಾಲಾಗಿ ಹೊಂಗೆ ಗಿಡ. 1ನೇ ಪಟ್ಟಿಗೆ ಏನು ಹಾಕೋದು ಅಂತ ಹೊಳೆಯಲಿಲ್ಲ, ಮಹಿಳೆಯರಿಗೆ ಹೊಲಿಗೆ ತರಬೇತಿ ಅಂತ ಬರೆದೆ. ಬಡತನ ಅಂದ ತಕ್ಷಣ ನಮಗೆಲ್ಲ ಹೊಲಿಗೆ ಮೆಷಿನ್ನೇ ಯಾಕೆ ನೆನಪಾಗುತ್ತೋ ಗೊತ್ತಿಲ್ಲ. ಕೆರೆ ನೋಡಲು ಹೋಗಿದ್ದು ಒಂದೇ ಸಲ, ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲಲ್ಲಿ. ಒಂದು ನರಪಿಳ್ಳೆ ಇರಲಿಲ್ಲ. ಪಾಳು ಬಿದ್ದಿದೆ ಅಂತ ಬರೆದುಕೊಂಡು ಬಂದಿದ್ದೆ.

ಸಭೆಯ ದಿನ ಪಂಚಾಯಿತಿ ಮುಂದೆ ಶಾಮಿಯಾನ. ಮೊದಲ ಒಂದು ಗಂಟೆ ಗೃಹಲಕ್ಷ್ಮಿ ದುಡ್ಡಿನ ಜಗಳಕ್ಕೇ ಹೋಯಿತು. ಅದು ಶುರುವಾಗಿ ಮೂರು ತಿಂಗಳು ಕೂಡ ಆಗಿರಲಿಲ್ಲ, 2000 ರೂಪಾಯಿ ಬಂದವರು ಸುಮ್ಮನಿದ್ದರು, ಬರದವರು ಪಂಚಾಯಿತಿ ಅಧಿಕಾರಿ ಪಿಡಿಒ ಮೇಜಿನ ಸುತ್ತ ನಿಂತಿದ್ದರು. ಅದು ತಣ್ಣಗಾದ ಮೇಲೆ ನಾನು ಮೈಕ್ ಹಿಡಿದು ಕೆರೆಗೆ ಬಂದೆ. ಬೇಲಿ ಅನ್ನೋ ಮಾತು ಬಾಯಿಂದ ಬಿದ್ದಿತ್ತೋ ಇಲ್ಲವೋ, ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಎದ್ದು ನಿಂತರು.

"ಅಲ್ಲ ಕಣವ್ವ, ಕೆರೆಗೆ ಬೇಲಿ ಸುತ್ಬುಟ್ರೆ ನನ್ ಆಡು ಎಲ್ಲಿಗೋಗವು? ನಿಮ್ಮ ಆಪೀಸ್ ತಾವ್ಕೆ ಹೊಡ್ಕಬತ್ತೀನಿ, ನೀವೇ ಮೇಯಿಸ್ಕಳಿ."

ಜನ ನಕ್ಕರು. ಪಿಡಿಒ, "ಅಜ್ಜಿ ಕೂತ್ಕೊಳ್ಳಿ, ಆಮೇಲೆ ಮಾತಾಡಾಣ" ಅಂದರು. ಅಜ್ಜಿ ಕೂರಲಿಲ್ಲ. ನಾನು ಪುಸ್ತಕದ ಮಾತು ಹೇಳಲು ಹೋದೆ: ಕೆರೆ ಉಳಿದರೆ ಅಂತರ್ಜಲ ಏರುತ್ತೆ, ಅದು ಎಲ್ಲರಿಗೂ ಒಳ್ಳೇದು, ಹೀಗೆಲ್ಲ. ಅಜ್ಜಿಗೆ ಬೋರ್‌ವೆಲ್ಲೂ ಇಲ್ಲ, ಜಮೀನೂ ಇಲ್ಲ. ಏರುವ ನೀರಿನಲ್ಲಿ ಅವರ ಪಾಲು ಎಷ್ಟು ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಣ್ಯಕ್ಕೆ ಯಾರೂ ಕೇಳಲಿಲ್ಲ. "ಬೆಳಿಗ್ಗೆ ಆರ್ ಗಂಟ್ಗೆ ಕೆರೆ ತಾವ್ಕೆ ಬಾ, ಆಮೇಕೆ ಬರ್ಕೋ" ಅಂತ ಹೇಳಿ ಅಜ್ಜಿ ಎದ್ದು ಹೋದರು. ಅವತ್ತು ಯೋಜನೆಗೆ ಒಪ್ಪಿಗೆ ಸಿಗಲಿಲ್ಲ, ಸಭೆ ಮುಂದಕ್ಕೆ ಹೋಯಿತು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಆಶಾ ಕಾರ್ಯಕರ್ತೆಯ ಮನೆಯಲ್ಲಿ ಉಳಿದೆ. ಬಸ್ಸೂ ಹೋಗಿಬಿಟ್ಟಿತ್ತು.

ಬೆಳಿಗ್ಗೆ ಆರಕ್ಕೆ ಹೋದರೆ, ಪಾಳು ಬಿದ್ದ ಕೆರೆ ಅಂತ ನಾನು ಬರೆದಿದ್ದ ಜಾಗದಲ್ಲಿ ಮೂವತ್ತು ಜನಕ್ಕೆ ಕಡಿಮೆ ಇರಲಿಲ್ಲ.

ಬರದ ವರ್ಷ ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಕೆರೆಯ ನಡುವೆ ಒಂದಿಷ್ಟು ನೀರು, ಸುತ್ತ ಒಣಗಿದ ಅಂಗಳ, ಅಂಚಿನಲ್ಲಿ ಮಾತ್ರ ಹಸಿರು. ಆ ಅಂಚಿನಲ್ಲಿ ಇಬ್ಬರು ಹೆಂಗಸರು ಹೊನಗೊನೆ ಸೊಪ್ಪು ಕುಯ್ಯುತ್ತಿದ್ದರು. ಅದಕ್ಕೆ ಇನ್ನೂ ಐದಾರು ತರದ ಸೊಪ್ಪು ಸೇರಿದರೆ ಬೆರಕೆ ಸೊಪ್ಪು, ಮುದ್ದೆಗೆ ಉಪ್ಸಾರು ಆಗುತ್ತೆ, ಆ ಹೊತ್ತಿನ ತರಕಾರಿ ಖರ್ಚು ಉಳಿಯುತ್ತೆ. ಆಚೆ ತೂಬಿನ ಹತ್ತಿರ ಬಟ್ಟೆ ಒಗೆಯುವವರು. ಒಬ್ಬ ಹುಡುಗ ಎಮ್ಮೆ ಮೈ ತೊಳೆಯುತ್ತಿದ್ದ. ಜಾಲಿ ಮೆಳೆಯೊಳಗಿಂದ ಕುಡುಗೋಲಿನ ಸದ್ದು ಬರುತ್ತಿತ್ತು, ಸೌದೆ ಕಡಿಯುವವರು. ಗ್ಯಾಸ್ ಇಲ್ವಾ ಅಂತ ಕೇಳಿದೆ. ಇದೆ, ಹಬ್ಬಕ್ಕೆ ಹಚ್ತೀವಿ ಅಂದರು. ಆಗ ಸಿಲಿಂಡರ್ ಹೆಚ್ಚು ಕಡಿಮೆ 900 ರೂಪಾಯಿ, ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 316. ಅಂದ್ರೆ ಒಂದು ಸಿಲಿಂಡರ್‌ಗೆ ಮೂರು ದಿನ ಮಣ್ಣು ಹೊರಬೇಕು. ಜಾಲಿ ಪುಕ್ಕಟೆ.

ಮತ್ತೆ ಅಜ್ಜಿಯ ಆಡು. ಹನ್ನೊಂದು ಇದ್ದವು. ಬರದಲ್ಲಿ ಹುಲ್ಲು ಒಣಗಿದರೂ ಜಾಲಿ ಕಾಯಿ ಉದುರುತ್ತೆ, ಅದನ್ನು ತಿಂದೇ ಅವು ಬದುಕಿದ್ದವು. ಮೊಮ್ಮಗಳ ಕಾಲೇಜು ಫೀಸಿಗೆ ಎರಡು ಹೋತ ಮಾರಿದ್ದರಂತೆ. "ಬ್ಯಾಂಕ್ ಇದ್ದಂಗೆ ಕಣವ್ವ, ಆದ್ರೆ ಮೇಯಿಸ್ಬೇಕು" ಅಂದರು.

ನಾನು ಪುಸ್ತಕ ತೆಗೆದು ಬರೆದುಕೊಳ್ಳುತ್ತಾ ಹೋದೆ. ಸೊಪ್ಪು, ಸೌದೆ, ಆಡು, ಎಮ್ಮೆ, ಬಟ್ಟೆ. ಇದೆಲ್ಲ ನನ್ನ 1ನೇ ಪಟ್ಟಿ. ನಿಂತಿದ್ದು 5ನೇ ಪಟ್ಟಿಯ ಮೇಲೆ. ನಾನು ಬರೆದಿದ್ದ ಬೇಲಿ ಬಂದಿದ್ದರೆ, ಐದನೇದರ ದುಡ್ಡಿನಿಂದ ಒಂದನೇದನ್ನು ಹೊರಗೆ ಹಾಕಿದಂತೆ ಆಗ್ತಿತ್ತು. ಆಮೇಲೆ ಆ ಮನೆಗಳಿಗೆ ಹೊಲಿಗೆ ಮೆಷಿನ್ ಕೊಡಬೇಕಿತ್ತು.

ಹಾಗಂತ ಅಜ್ಜಿ ಹೇಳಿದ್ದೆಲ್ಲ ಸರಿ, ಕೆರೆ ಇದ್ದ ಹಾಗೇ ಇರಲಿ ಅಂತ ಹೇಳೋಕೂ ಆಗಲ್ಲ. ಮುಂದಿನ ಸಭೆಗೆ ಅಚ್ಚುಕಟ್ಟಿನ ರೈತರು, ಅಂದ್ರೆ ಕೆರೆ ನೀರು ಹರಿಯುವ ಜಮೀನಿನವರು, ಬಂದು ಸರಿಯಾಗೇ ಜಗಳ ತೆಗೆದರು. ಜಾಲಿ ಬೆಳೆದು ಕೆರೆ ಅಂಗಳದ ಅರ್ಧ ನುಂಗಿದೆ, ನೀರು ನಿಲ್ಲೋಕೆ ಜಾಗವೇ ಇಲ್ಲ ಅಂದರು. ಆಡು ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹೊಸ ಜಾಲಿ ಏಳುತ್ತೆ, ಅದೂ ನಿಜವೇ. ಸಣ್ಣ ರೈತರಿಗೆ ಕೆರೆ ಗೋಡು, ಅಂದ್ರೆ ಹೂಳು ಮಣ್ಣು, ಬೇಕು. ಗೋಡು ಹೊಡೆದ ಹೊಲದಲ್ಲಿ ರಾಗಿ ಹೇಗೆ ಬರುತ್ತೆ ಅಂತ ಒಬ್ಬರು ಕೈಯಲ್ಲೇ ತೆನೆ ತೋರಿಸಿದರು. ಇವರೂ ದೊಡ್ಡ ಸಾಹುಕಾರರಲ್ಲ, ಒಂದು ಒಂದೂವರೆ ಎಕರೆಯವರು. ಬಡವರ ಪರ ಅಂದ್ರೆ ಯಾವ ಬಡವರ ಪರ ಅಂತ ಅವತ್ತು ತಲೆ ಕೆಟ್ಟುಹೋಯಿತು.

ಮಾತು ಕೆಟ್ಟು ಕೂಗಾಟ ಆಗುವ ಹೊತ್ತಿಗೆ ಒಬ್ಬ ಹುಡುಗ, "ನಮ್ ಜಿಲ್ಲೇಲೇ ಕಾಮೇಗೌಡ್ರು ಕುರಿ ಕಾಯ್ತಾ ಕಾಯ್ತಾ ಬೆಟ್ಟದ ಮೇಲೆ ಕಟ್ಟೆ ತೋಡ್ಲಿಲ್ವಾ, ಕುರಿಯೋರೇನು ಕೆರೆ ಹಾಳು ಮಾಡೋರಾ" ಅಂದ. ಮಳವಳ್ಳಿ ಕಡೆಯ ದಾಸನದೊಡ್ಡಿಯವರು ಅವರು, 2022ರಲ್ಲಿ ತೀರಿಕೊಂಡರು. ಆ ಹೆಸರಿಗೆ ಜನ ಸ್ವಲ್ಪ ತಣ್ಣಗಾದರು.

ಕೊನೆಗೆ ಹೀಗಾಯಿತು. ಜಾಲಿಯನ್ನು ಒಂದೇ ಸಲ ತೆಗೆಯೋದು ಬೇಡ, ವರ್ಷಕ್ಕೆ ಒಂದು ಪಟ್ಟೆ. ಮೊದಲು ನೀರು ಬರುವ ಕಾಲುವೆ ಬಾಯಿ ಮತ್ತು ಏರಿ ಮಗ್ಗುಲು. ಕಡಿದವರಿಗೇ ಸೌದೆ. ಹೂಳನ್ನು ಉದ್ಯೋಗ ಖಾತ್ರಿಯಲ್ಲಿ ಕೈಯಿಂದಲೇ ತೆಗೆಯೋದು, ಗೋಡು ಒಯ್ಯುವ ಸರದಿಯಲ್ಲಿ ಸಣ್ಣ ಹಿಡುವಳಿಯವರು ಮೊದಲು. ಈ ಮಾತಿಗೆ ಒಂದಿಬ್ಬರು ಮುಸಿ ಮುಸಿ ನಕ್ಕರು. ಆ ಕಾಯ್ದೆಯಲ್ಲಿ ಗುತ್ತಿಗೆದಾರರೂ ಇರಬಾರದಿತ್ತು, ಕೂಲಿ ಕಸಿಯುವ ಯಂತ್ರವೂ ಬರಬಾರದಿತ್ತು, ಆದ್ರೆ ರಾತ್ರಿ ಜೆಸಿಬಿ, ಬೆಳಿಗ್ಗೆ ಕೂಲಿಯವರ ಜಾಬ್ ಕಾರ್ಡ್ ಅನ್ನೋ ಲೆಕ್ಕ ಯಾವ ಹಳ್ಳಿಗೂ ಹೊಸದಲ್ಲ. ಬೇಲಿ ಬಿಟ್ಟುಹೋಯಿತು. ಹೊಂಗೆ ಸಾಲಿನ ಪಕ್ಕ ಮೇವಿನ ಗಿಡವೂ ಸೇರಿತು. ಬೆಂಚು ಮಾತ್ರ ಹಾಗೇ ಉಳಿಯಿತು, ಅದರ ಮೇಲೆ ಒಬ್ಬ ಸದಸ್ಯರಿಗೆ ವಿಪರೀತ ಪ್ರೀತಿ.

ಕಂಪ್ಯೂಟರ್‌ಗೆ ಏರಿಸುವಾಗ ಮತ್ತೆ ಅದೇ ಗೋಳು. ಒಂದು ಕೆಲಸಕ್ಕೆ ಒಂದೇ ಪಟ್ಟಿ ಆರಿಸಬೇಕಿತ್ತು. ಈ ಕೆರೆ ಒಂದನೇದಾ, ನಾಲ್ಕನೇದಾ, ಐದನೇದಾ? ಆಪರೇಟರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ಓದಿಕೊಂಡೆ, ನೇಪಾಳದವರು 2013ರಲ್ಲೇ ಪರಿಸರಸ್ನೇಹಿ ಸ್ಥಳೀಯ ಆಡಳಿತ ಅಂತ ಒಂದು ಚೌಕಟ್ಟು ಮಾಡಿಕೊಂಡಿದ್ದಾರೆ, ಒಂದೊಂದು ಮನೆಯಿಂದ ಹಿಡಿದು ವಾರ್ಡು, ಹಳ್ಳಿ, ಜಿಲ್ಲೆವರೆಗೆ ಏನೇನು ನೋಡಬೇಕು ಅಂತ ಮಟ್ಟವಾರು ಬರೆದಿದ್ದಾರೆ. ಮನೆಯಿಂದ ಶುರು ಮಾಡೋದು ನನಗೆ ಹಿಡಿಸಿತು. ನಾನು ಶುರು ಮಾಡಿದ್ದು ಬೆಂಚಿನಿಂದ. ಆಪರೇಟರ್ ಕೊನೆಗೆ ನಾಲ್ಕು ಒತ್ತಿದರು.

ಎಲ್ಲವೂ ಆಗಲಿಲ್ಲ. ಮೇವಿನ ಗಿಡ ಅರ್ಧ ಒಣಗಿದವು. ಕಾಲುವೆ ಬಾಯಿಯ ಜಾಲಿ ಹೋಯಿತು, ಹೂಳು ಒಂದು ಮಗ್ಗುಲು ಹೋಯಿತು. ಕೂಲಿ ತಡವಾಗಿ ಬಂತು, ಅದಕ್ಕೆ ಬೈಸಿಕೊಂಡಿದ್ದು ಬೇರೆ ಕತೆ. 2024ರಲ್ಲಿ ಮಳೆ ಚೆನ್ನಾಗಾಯಿತು, ಕೆರೆಗೂ ನೀರು ಬಂತು. ಅದರಲ್ಲಿ ನಮ್ಮ ಕೆಲಸ ಎಷ್ಟು, ಮಳೆಯದು ಎಷ್ಟು ಅಂತ ಹೇಳೋ ಧೈರ್ಯ ನನಗಿಲ್ಲ.

ಹೋದ ಸಲ ಆ ಕಡೆ ಹೋದಾಗ ಬೆಳಿಗ್ಗೆಯೇ ಕೆರೆಗೆ ಹೋದೆ. ಆರು ಬೆಂಚಿನಲ್ಲಿ ಒಂದರ ಮೇಲೂ ಜನ ಕೂತಿರಲಿಲ್ಲ. ಒಂದರ ಮೇಲೆ ಒಗೆದ ಬಟ್ಟೆ ಹರವಿದ್ದರು, ಇನ್ನೊಂದರ ಮೇಲೆ ಸೌದೆ ಹೊರೆ ಇತ್ತು. ಅಜ್ಜಿ ಪಕ್ಕದಲ್ಲಿ ನಿಂತು ಸಿಂಬಿ ಸುತ್ತುತ್ತಿದ್ದರು. ಹೊರೆ ಇಳಿಸೋಕೆ ಅನುಕೂಲ ಆಯ್ತಾ ಅಜ್ಜಿ ಅಂದೆ.

"ಆಗದೆ. ಇನ್ನೊಂದ್ ಮೊಳ ಎತ್ತರ ಮಡಗಿದ್ರೆ ತಲೆಗೆ ಎತ್ಕೊಳ್ಳೋಕೆ ಸಲೀಸಾಗದು. ಯಾರ್ ಬರ್ದಿದ್ದು ಇದ್ನ?"

ನಾನು ಹೊರೆಯ ಒಂದು ಕಡೆ ಕೈ ಕೊಟ್ಟು ಎತ್ತಿದೆ.