ಫಂಕ್ಷನ್ ಇತ್ತು, ಆದರೆ ಕೆಲಸ ಮಾಡಲಿಲ್ಲ

2012ರಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಬಿಲ್ಲಿನ ಒಂದೊಂದು ಸಾಲಿಗೂ ಒಂದು ಜಾವಾಸ್ಕ್ರಿಪ್ಟ್ (ಬ್ರೌಸರ್ ಒಳಗೆ ಓಡುವ ಭಾಷೆ) ಆಬ್ಜೆಕ್ಟ್. ಅದರಲ್ಲಿ ರೇಟು, ಸಂಖ್ಯೆ, ಟೋಟಲ್ ಎಂಬ ಪ್ರಾಪರ್ಟಿಗಳು. ಟೋಟಲ್‌ಗೆ ಗೆಟರ್ ಹಾಕಿದ್ದೆ. ಮಾಮೂಲಿ ಪ್ರಾಪರ್ಟಿ ಥರ ಓದಿದರೆ ಸಾಕು, ಗುಣಾಕಾರ ಒಳಗೇ ಆಗಿ ಉತ್ತರ ಬರುತ್ತಿತ್ತು.

ಹೊಸ ಬ್ರೌಸರ್‌ಗಳಲ್ಲಿ ಹೀಗೆ ಗೆಟರ್ ಹಾಕಲು 'ಆಬ್ಜೆಕ್ಟ್ ಡಾಟ್ ಡಿಫೈನ್‌ಪ್ರಾಪರ್ಟಿ' ಎಂಬ ಫಂಕ್ಷನ್ ಇದೆ. ಜಾವಾಸ್ಕ್ರಿಪ್ಟ್‌ನ 2009ರ ಸ್ಟ್ಯಾಂಡರ್ಡ್ ಆದ ಇಎಸ್5 ತಂದಿದ್ದು. ಫೈರ್‌ಫಾಕ್ಸ್ 3.6ರಂಥ ಹಳೆಯದರಲ್ಲಿ ಅದಿಲ್ಲ, ಬದಲಿಗೆ 'ಡಿಫೈನ್‌ಗೆಟರ್' ಇದೆ, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವುದು. ಮೊದಲನೆಯದು ಇದ್ದರೆ ಅದು, ಇಲ್ಲದಿದ್ದರೆ ಎರಡನೆಯದು ಅಂತ ಒಂದು ಇಫ್ ಬರೆದೆ. ಎರಡರಲ್ಲೂ ಓಡಿತು. ಕಳಿಸಿಬಿಟ್ಟೆ.

ಮರುದಿನ ಗ್ರಾಹಕರ ಕಡೆಯ ಕ್ಲರ್ಕ್ ಒಬ್ಬರು ಫೋನ್ ಮಾಡಿದರು. "ಸರ್, ಐಟಂ ಸೇರಿಸಿದ್ರೆ ಏನೂ ಬರ್ತಿಲ್ಲ. ಕೌಂಟರ್ ಮುಂದೆ ಜನ ನಿಂತಿದ್ದಾರೆ."

ಅಲ್ಲಿದ್ದವೆಲ್ಲ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ಗಳು, ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 8, ಅಂದರೆ ಐಇ 8. ಎಕ್ಸ್‌ಪಿಗೆ ಐಇ 9 ಬರಲೇ ಇಲ್ಲ, ಹಾಗಾಗಿ ಅಪ್‌ಡೇಟ್ ಮಾಡಿ ಅನ್ನುವ ಹಾಗೂ ಇರಲಿಲ್ಲ. ಐಇ 8ರಲ್ಲಿ ಡಿಫೈನ್‌ಪ್ರಾಪರ್ಟಿ ಇದೆ, ಆದರೆ ಪೇಜಿನ ಎಲಿಮೆಂಟ್‌ಗಳಂಥ ಡಾಮ್ ಆಬ್ಜೆಕ್ಟ್‌ಗಳಿಗೆ ಮಾತ್ರ. ನಾವು ಮಾಡಿಕೊಂಡ ಸಾದಾ ಆಬ್ಜೆಕ್ಟ್ ಕೊಟ್ಟರೆ ಎರರ್ ಎಸೆಯುತ್ತದೆ. ನನ್ನ ಇಫ್ ಕೇಳಿದ್ದು 'ಇದೆಯಾ' ಅಂತ ಅಷ್ಟೇ. ಇದೆ ಅಂದಿತು, ಒಳಗೆ ಹೋಯಿತು, ಅಲ್ಲೇ ನಿಂತಿತು.

ಆಮೇಲೆ ಚೆಕ್ ಬದಲಾಯಿಸಿದೆ. ಎರರ್ ಬಂದರೂ ಕೋಡ್ ನಿಲ್ಲದಂತೆ ಹಿಡಿದುಕೊಳ್ಳುವ ಟ್ರೈ-ಕ್ಯಾಚ್ ಒಳಗೆ ಒಂದು ಖಾಲಿ ಆಬ್ಜೆಕ್ಟ್ ತೆಗೆದುಕೊಂಡು, ಅದಕ್ಕೆ ಗೆಟರ್ ಹಾಕಿ, ಓದಿ ನೋಡುವುದು. ಸರಿಯಾದ ಉತ್ತರ ಬಂದರೆ ಮಾತ್ರ ಇದೆ ಅಂತ ನಂಬುವುದು. ಈಗಲೂ ನಾನು ಹೀಗೇ ಮಾಡುತ್ತೇನೆ.

ಆದರೂ ಐಇ 8ರ ಸಮಸ್ಯೆ ಉಳಿಯಿತು. ಅದರಲ್ಲಿ ಡಿಫೈನ್‌ಗೆಟರ್ ಕೂಡ ಇಲ್ಲ. ಆಬ್ಜೆಕ್ಟ್ ಒಳಗೇ 'ಗೆಟ್' ಅಂತ ಬರೆದರೆ ಸಿಂಟ್ಯಾಕ್ಸ್ ಎರರ್ ಆಗಿ ಇಡೀ ಫೈಲೇ ಓಡುವುದಿಲ್ಲ. ಬಿಲ್ಲಿನ ಸಾಲಿಗೊಂದು ಡಿವ್ (ಪೇಜಿನ ಒಂದು ಎಲಿಮೆಂಟ್) ಮಾಡಿ ಅದನ್ನೇ ಆಬ್ಜೆಕ್ಟ್ ಆಗಿ ಬಳಸಿ ನೋಡಿದೆ. ಗೆಟರ್ ಬಂತು, ಜೊತೆಗೆ ಡಿವ್‌ನ ನೂರೆಂಟು ಪ್ರಾಪರ್ಟಿಗಳೂ ಬಂದವು. ಪ್ರಾಪರ್ಟಿಗಳನ್ನು ಒಂದೊಂದಾಗಿ ಓದುವ ಲೂಪ್‌ಗಳೆಲ್ಲ ಕೆಟ್ಟವು. ಅದನ್ನು ಬಿಟ್ಟೆ.

ಈ ಹುಡುಕಾಟದಲ್ಲೇ ಇನ್ನೊಂದು ತಪ್ಪು ಸಿಕ್ಕಿತು, ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಅದೇ. ಫೈರ್‌ಫಾಕ್ಸ್ 3.6ರಿಂದ ಸರ್ವರ್‌ಗೆ ಹೋದ ಜೇಸನ್‌ನಲ್ಲಿ (ಆಬ್ಜೆಕ್ಟ್ ಅನ್ನು ಪಠ್ಯವಾಗಿ ಬರೆದು ಕಳಿಸುವ ರೂಪ) ಟೋಟಲ್ ಇತ್ತು, ಕ್ರೋಮ್‌ನಿಂದ ಹೋದದ್ದರಲ್ಲಿ ಇರಲಿಲ್ಲ! ಡಿಫೈನ್‌ಗೆಟರ್ ಹಾಕಿದ ಪ್ರಾಪರ್ಟಿ ತಾನಾಗಿಯೇ ಎನ್ಯೂಮರಬಲ್, ಅಂದರೆ ಪ್ರಾಪರ್ಟಿಗಳನ್ನು ಪಟ್ಟಿ ಮಾಡುವಾಗ ಸಿಗುವಂಥದ್ದು. ಡಿಫೈನ್‌ಪ್ರಾಪರ್ಟಿಯಲ್ಲಿ ನಾವು ಹೇಳದಿದ್ದರೆ ಅದು ಫಾಲ್ಸ್. ಆಗ ಆಬ್ಜೆಕ್ಟ್ ಅನ್ನು ಜೇಸನ್ ಮಾಡುವ 'ಜೇಸನ್ ಸ್ಟ್ರಿಂಗಿಫೈ' ಫಂಕ್ಷನ್ ಆ ಪ್ರಾಪರ್ಟಿಯನ್ನು ಸುಮ್ನೆ ಬಿಟ್ಟುಬಿಡುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ದುಡ್ಡಿನ ಲೆಕ್ಕ ಹೀಗೆ ಸದ್ದಿಲ್ಲದೆ ಕಾಣೆಯಾಗುವುದು ಪೇಜ್ ನಿಲ್ಲುವುದಕ್ಕಿಂತ ಕೆಟ್ಟದ್ದು, ಅಲ್ವಾ?

ಕೊನೆಗೆ ಬಿಲ್ಲಿಂಗ್‌ನಿಂದ ಗೆಟರ್‌ಗಳನ್ನೆಲ್ಲ ತೆಗೆದೆ. ಎಲ್ಲ ಬ್ರೌಸರ್‌ಗೂ ಒಂದೇ ಸಾದಾ ಫಂಕ್ಷನ್, 'ಗೆಟ್‌ಟೋಟಲ್'. ಜೇಸನ್‌ಗೆ ಟೋಟಲ್ ಸೇರಿಸಲು, ಸ್ಟ್ರಿಂಗಿಫೈ ತಾನಾಗಿಯೇ ಕರೆಯುವ 'ಟುಜೇಸನ್' ಫಂಕ್ಷನ್ ಬರೆದೆ. ಟೋಟಲ್ ಓದುವ ಜಾಗಗಳನ್ನು ಒಂದೊಂದಾಗಿ ತಿದ್ದುತ್ತಾ ಕೂತೆ, ರಾತ್ರಿಯಾಯಿತು. ಬೆಳಿಗ್ಗೆ ಅವರು ಕೌಂಟರ್ ತೆರೆಯುವ ಹೊತ್ತಿಗೆ ನಾನೇ ಫೋನ್ ಮಾಡಿ, ಮೊದಲ ಬಿಲ್ ಪ್ರಿಂಟ್ ಆಗುವವರೆಗೂ ಲೈನ್‌ನಲ್ಲೇ ಇದ್ದೆ.